ಡ್ರೈವರ್ ಬೇಡದ ಯುಎಸ್‌ಬಿ ಆಡಿಯೊ ಕನ್ವರ್ಟರ್: ಆರಿಸುವಾಗ ನಾನು ನೋಡುವುದು

ಕ್ಯಾಸೆಟ್ ಡೆಕ್ಕಿನಿಂದಲೋ ಮಿಕ್ಸರಿನಿಂದಲೋ ಕಂಪ್ಯೂಟರಿಗೆ ಧ್ವನಿ ಇಳಿಸಿಕೊಳ್ಳಲು ನಾನು ಆರಿಸುವುದು ತಯಾರಕರ ಡ್ರೈವರ್ (ಸಾಧನವನ್ನು ಕಂಪ್ಯೂಟರ್ ನಡೆಸಲು ಬೇಕಾದ ತಂತ್ರಾಂಶ) ಕೇಳದ ಕನ್ವರ್ಟರ್‌ಗಳನ್ನು ಮಾತ್ರ. ತಯಾರಕರು ಡ್ರೈವರ್ ನವೀಕರಿಸುವುದನ್ನು ನಿಲ್ಲಿಸಿದರೆ, ಆಪರೇಟಿಂಗ್ ಸಿಸ್ಟಂ ಬದಲಾದ ದಿನವೇ ಗಟ್ಟಿಮುಟ್ಟಾದ ಯಂತ್ರ ಮೂಲೆಗೆ ಸೇರುತ್ತದೆ.

ಡಬ್ಬದ ಮೇಲಿನ ‘ಪ್ಲಗ್ ಅಂಡ್ ಪ್ಲೇ’ ನಂಬಬೇಡಿ. ವಿಂಡೋಸ್ ತಾನೇ ಡ್ರೈವರ್ ಇಳಿಸಿಕೊಂಡರೂ ಅದನ್ನು ಹಾಗೇ ಕರೆಯುತ್ತಾರೆ. ಹುಡುಕಬೇಕಾದ ಮಾತು ‘ಕ್ಲಾಸ್ ಕಂಪ್ಲಯಂಟ್’. ಅಂದರೆ ಯುಎಸ್‌ಬಿ ಆಡಿಯೊ ಕ್ಲಾಸ್ ಎಂಬ ಸಾಮಾನ್ಯ ನಿಯಮದಂತೆ ಮಾತಾಡುವ ಸಾಧನ. ಇದರ ಮೊದಲ ಆವೃತ್ತಿ 1998ರದು, ಎರಡನೆಯದು 2006ರದು. ಮೊದಲನೆಯದು ಎಲ್ಲೆಡೆ ನಡೆಯುತ್ತದೆ. ಎರಡನೆಯದನ್ನು ಲಿನಕ್ಸ್ ಮತ್ತು ಮ್ಯಾಕ್ 2010ರಿಂದ ಬಲ್ಲವು. ವಿಂಡೋಸಿಗೆ ಅದು ಬಂದದ್ದು 2017ರಲ್ಲಿ, ವಿಂಡೋಸ್ 10ರ 1703 ಆವೃತ್ತಿಯೊಂದಿಗೆ. ಹಳೆಯ ವಿಂಡೋಸ್ ಇದ್ದರೆ ಮೊದಲ ಆವೃತ್ತಿಯದನ್ನೇ ತೆಗೆದುಕೊಳ್ಳಿ.

ಯಾವ ಆವೃತ್ತಿ ಎಂದು ಡಬ್ಬದಲ್ಲಿ ಬರೆದಿರುವುದು ಅಪರೂಪ, ಆದರೆ ಲೆಕ್ಕ ಹಾಕಬಹುದು. ಮೊದಲ ಆವೃತ್ತಿಯವು ಸಾಮಾನ್ಯವಾಗಿ ಫುಲ್ ಸ್ಪೀಡ್ (ಹೈ ಸ್ಪೀಡಿಗಿಂತ ನಿಧಾನದ ಯುಎಸ್‌ಬಿ ವೇಗ) ಸಾಧನಗಳು: ಒಂದು ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಅದರಲ್ಲಿ ಹೆಚ್ಚೆಂದರೆ 1023 ಬೈಟ್. 96 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊಗೆ 96 × 2 × 3 = 576 ಬೈಟ್ ಬೇಕು, ಹಿಡಿಸುತ್ತದೆ. 192 ಕಿಲೋಹರ್ಟ್ಸ್‌ಗೆ 1152 ಬೈಟ್, ಹಿಡಿಸುವುದಿಲ್ಲ. ಹಾಗಾಗಿ 192 ಎಂದು ಹೇಳಿಕೊಳ್ಳುವ ಸಾಧನ ಎರಡನೆಯ ಆವೃತ್ತಿಯದಾಗಿರಬೇಕು, ಇಲ್ಲವೇ ಸ್ವಂತ ಡ್ರೈವರ್ ಕೇಳಬೇಕು. ಕ್ಯಾಸೆಟ್ ಇಳಿಸಲು 16 ಬಿಟ್, 48 ಕಿಲೋಹರ್ಟ್ಸ್ ಧಾರಾಳ ಸಾಕು. 16 ಬಿಟ್ ಸುಮಾರು 96 ಡೆಸಿಬೆಲ್ ವ್ಯಾಪ್ತಿ ಕೊಡುತ್ತದೆ. ಟೇಪಿನ ಹಿಸ್ಸು 16 ಬಿಟ್‌ನ ಸ್ವಂತ ಸದ್ದಿನ ಮಟ್ಟಕ್ಕಿಂತ ಎಷ್ಟೋ ಮೇಲಿರುತ್ತದೆ.

ಸಾಧನ ಕೈಗೆ ಸಿಕ್ಕರೆ ಲಿನಕ್ಸಿಗೆ ಚುಚ್ಚಿ ಎಲ್‌ಎಸ್‌ಯುಎಸ್‌ಬಿ ಆದೇಶವನ್ನು (lsusb -v, ಚುಚ್ಚಿದ ಸಾಧನಗಳ ವಿವರ ತೋರಿಸುವುದು) ಓಡಿಸುತ್ತೇನೆ. ಇಂಟರ್‌ಫೇಸ್ ಕ್ಲಾಸ್ 1 ಎಂದಿದ್ದರೆ ಆಡಿಯೊ, 255 ಎಂದಿದ್ದರೆ ತಯಾರಕರ ಸ್ವಂತ ಭಾಷೆ. ಪ್ರೊಟೊಕಾಲ್ 0 ಎಂದರೆ ಮೊದಲ ಆವೃತ್ತಿ, 32 ಎಂದರೆ ಎರಡನೆಯದು. 255 ಇದ್ದೂ ಲಿನಕ್ಸಿನಲ್ಲಿ ನಡೆಯುವ ಸಾಧನಗಳಿವೆ. ಲಿನಕ್ಸಿನ ತಿರುಳಾದ ಕರ್ನೆಲ್ ಬರೆಯುವವರು ಅವುಗಳಿಗಾಗಿ ಪ್ರತ್ಯೇಕವಾಗಿ ದುಡಿದಿರುತ್ತಾರೆ. ಬೇರೆ ಸಿಸ್ಟಂಗಳಲ್ಲಿ ಆ ಭರವಸೆ ಇಲ್ಲ. ವಿಂಡೋಸಿನಲ್ಲಾದರೆ ಡಿವೈಸ್ ಮ್ಯಾನೇಜರ್ ತೆರೆದು ಡ್ರೈವರ್ ಕಡತದ ಹೆಸರು ನೋಡಿ: ಯುಎಸ್‌ಬಿಆಡಿಯೊ ಅಥವಾ ಯುಎಸ್‌ಬಿಆಡಿಯೊ2 ಎಂದಿದ್ದರೆ ಅದು ವಿಂಡೋಸಿನದೇ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಡ್ರೈವರ್ ಬೇಡದ್ದೆಲ್ಲ ನಮ್ಮ ಕೆಲಸಕ್ಕೆ ಬರುವುದಿಲ್ಲ. ಹೆಬ್ಬೆರಳಿನಷ್ಟು ದೊಡ್ಡ ಅಗ್ಗದ ಡಾಂಗಲ್‌ಗಳಲ್ಲಿ ಹೆಚ್ಚಾಗಿ ಸಿ-ಮೀಡಿಯಾದ ಸಿಎಂ108 ಬಗೆಯ ಚಿಪ್ ಇರುತ್ತದೆ. ಹೊರಹೋಗುವುದು ಸ್ಟೀರಿಯೊ, ಒಳಬರುವುದು ಮಾತ್ರ ಮೋನೊ ಮೈಕ್. ಡೆಕ್ಕು, ಮಿಕ್ಸರುಗಳಿಂದ ಬರುವ ಲೈನ್ ಮಟ್ಟದ ಸುಮಾರು 0.3 ವೋಲ್ಟ್ ಅದಕ್ಕೆ ಮಿತಿಮೀರಿ ಧ್ವನಿ ಒಡೆಯುತ್ತದೆ. ಒಡೆದ ಅಲೆಯನ್ನು ಆಮೇಲೆ ತಗ್ಗಿಸಿದರೂ ಸರಿಹೋಗದು. ಜೊತೆಗೆ ಲಿನಕ್ಸಿನಲ್ಲಿ ಧ್ವನಿಮಟ್ಟ ಹೊಂದಿಸುವ ಆಲ್ಸಾಮಿಕ್ಸರಿನಲ್ಲಿ ಆಟೊ ಗೇನ್ ಕಂಟ್ರೋಲ್ (ದನಿಯನ್ನು ತಾನೇ ಏರಿಳಿಸುವುದು) ಕಾಣಿಸಿದರೆ ನಿಲ್ಲಿಸಿಬಿಡಿ. ಇಲ್ಲದಿದ್ದರೆ ಹಾಡಿನ ಮೆಲುದನಿಯ ಜಾಗಗಳೆಲ್ಲ ತಾವಾಗಿ ಉಬ್ಬುತ್ತವೆ.

ಮೋನೊ ಎಂಬುದು ಸುಲಭಕ್ಕೆ ಗೊತ್ತಾಗುವುದಿಲ್ಲ. ರೆಕಾರ್ಡಿಂಗ್ ತಂತ್ರಾಂಶ ಒಂದೇ ಚಾನೆಲನ್ನು ಎರಡಕ್ಕೂ ನಕಲಿಸಿ ಸ್ಟೀರಿಯೊದಂತೆ ತೋರಿಸುತ್ತದೆ. ಲಿನಕ್ಸಿನ ರೆಕಾರ್ಡಿಂಗ್ ಆದೇಶವಾದ ಎ-ರೆಕಾರ್ಡ್ (arecord) ಓಡಿಸುವಾಗ, ಚಾನೆಲ್‌ಗಳನ್ನು ತಾನೇ ಹೊಂದಿಸಿಕೊಡುವ ‘ಪ್ಲಗ್‌ಎಚ್‌ಡಬ್ಲ್ಯೂ’ ಬದಲು ‘ಎಚ್‌ಡಬ್ಲ್ಯೂ’ (ನೇರ ಸಾಧನ) ಕೊಟ್ಟು ಎರಡು ಚಾನೆಲ್ ಕೇಳಿ. ಮೋನೊ ಚಿಪ್ ಆದರೆ ಅಷ್ಟು ಚಾನೆಲ್ ಇಲ್ಲ ಎಂಬ ದೋಷ ತಕ್ಷಣ ಬರುತ್ತದೆ. ಸ್ಟೀರಿಯೊ ಲೈನ್ ಬೇಕಿದ್ದವರಿಗೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ2902 ಚಿಪ್ ಇರುವ, ಆರ್‌ಸಿಎ ಕಿಂಡಿಗಳ ಸಾಧನ ಒಳ್ಳೆಯದು. ಬೆಹ್ರಿಂಗರ್ ಯುಸಿಎ202 ಅಂಥದ್ದು. ಗ್ರಾಮೊಫೋನ್ ಟರ್ನ್‌ಟೇಬಲ್ ಆದರೆ ನಡುವೆ ಫೋನೊ ಪ್ರಿಆಂಪ್ ಬೇಕು. ಅದರ ಸಂಕೇತ ಕೆಲವೇ ಮಿಲಿವೋಲ್ಟ್, ಮೇಲಾಗಿ ಆರ್‌ಐಎಎ ಸಮೀಕರಣವೂ (ತಟ್ಟೆ ಕೊರೆಯುವಾಗ ತಗ್ಗಿಸಿದ ತಗ್ಗು ದನಿ, ಏರಿಸಿದ ಮೇಲು ದನಿಗಳನ್ನು ಮತ್ತೆ ಸಮ ಮಾಡುವುದು) ಆಗಬೇಕು.

ಲಿನಕ್ಸಿನಲ್ಲಿ ಪ್ರತಿ ಬೂಟಿಗೂ ಸಾಧನದ ಧ್ವನಿ ಕಾರ್ಡ್ ಸಂಖ್ಯೆ ಬದಲಾಗಬಹುದು. ಸ್ಕ್ರಿಪ್ಟಿನಲ್ಲಿ ಸಂಖ್ಯೆ ಬರೆಯದೆ ಕಾರ್ಡಿನ ಹೆಸರು ಬರೆಯಿರಿ. ಪಿಸಿಎಂ2902 ಸಾಮಾನ್ಯವಾಗಿ ‘ಕೋಡೆಕ್’ ಎಂದು ಕಾಣಿಸುತ್ತದೆ.

ರೆಕಾರ್ಡಿಂಗಿನಲ್ಲಿ ಬೇಡದ ಸದ್ದು ಕೇಳಿದರೆ ಅದರ ಬಗೆಯೇ ಕಾರಣವನ್ನು ಹೇಳಿಬಿಡುತ್ತದೆ. ಸಣ್ಣ ‘ಕೀ’ ಎನ್ನುವ 1 ಕಿಲೋಹರ್ಟ್ಸ್ ದನಿ ಯುಎಸ್‌ಬಿಯ ಮಿಲಿಸೆಕೆಂಡ್ ಫ್ರೇಮಿನದು, 8 ಕಿಲೋಹರ್ಟ್ಸಿನದು ಹೈ ಸ್ಪೀಡಿನದು. ‘ಗುಂಯ್’ ಎನ್ನುವ ಗುನುಗು ಗ್ರೌಂಡ್ ಲೂಪ್, ಅಂದರೆ ಎರಡು ಯಂತ್ರಗಳ ನೆಲಸಂಪರ್ಕಗಳು ಸೇರಿ ಆಗುವ ಸುತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ನಿಂತರೆ ಅನುಮಾನವೇ ಬೇಡ. ಆಡಿಯೊ ದಾರಿಯಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಹೋಗುತ್ತದೆ. ಆಗಾಗ ‘ಟಿಕ್’ ಎಂದು ಕಡಿದರೆ ಯುಎಸ್‌ಬಿ ಹಬ್ ತೆಗೆದು ನೇರ ಪೋರ್ಟಿಗೆ ಹಾಕಿ, ಬಫರ್ (ಧ್ವನಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ಹೆಚ್ಚಿಸಿ. ಇದನ್ನು ಹಿಡಿಯಲು ಹತ್ತು ಸೆಕೆಂಡಿನ ಪರೀಕ್ಷೆ ಸಾಲದು. ಒಂದು ಕ್ಯಾಸೆಟ್ ಬದಿಯಷ್ಟು, 45 ನಿಮಿಷ, ಬಿಡದೆ ರೆಕಾರ್ಡ್ ಮಾಡಿ ಎಷ್ಟು ಸಲ ‘ಓವರ್‌ರನ್’ (ಬಫರ್ ತುಂಬಿ ಧ್ವನಿ ತಪ್ಪಿಹೋಯಿತು ಎಂಬ) ಸಂದೇಶ ಬಂತೆಂದು ಎಣಿಸಿ. ನಾನು ಇಟ್ಟುಕೊಳ್ಳುವುದು ಒಂದೂ ಬಾರದ ಸಾಧನವನ್ನು.