ಡ್ಯಾಂಗೆ ಇನ್‌ಫ್ಲೋ ಎಷ್ಟು? ನಾನು ಲೆಕ್ಕ ನೋಡುವ ಬಗೆ

ಜೂನ್ ಮುಗಿಯುತ್ತಾ ಬಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಯಾರು ಎದುರಾದರೂ ತುಂಗಭದ್ರಾ ಡ್ಯಾಂ ಬಗ್ಗೆ ಕೇಳುವುದು ಒಂದೇ ಮಾತು. "ಇನ್‌ಫ್ಲೋ ಎಷ್ಟೈತ್ರಿ ಇವತ್ತು?" ಶಾಲೆ ಮೆಟ್ಟಿಲು ಹತ್ತದ ಹಿರಿಯರ ಬಾಯಲ್ಲೂ ಇದೇ ಇಂಗ್ಲಿಷ್ ಪದ. ಪತ್ರಿಕೆಯವರು ಒಳಹರಿವು ಅಂತ ಬರೆಯುತ್ತಾರೆ. ಓದುವಾಗ ಒಳಹರಿವು, ಚಹಾ ಕುಡಿಯುತ್ತಾ ಮಾತಾಡುವಾಗ ಇನ್‌ಫ್ಲೋ. ಎರಡರಲ್ಲೂ ಯಾರಿಗೂ ತಕರಾರಿಲ್ಲ.

ನಾನು ತುಂಗಭದ್ರಾ ಎಡದಂಡೆ ಕಾಲುವೆ ನೀರು ನಂಬಿ ಭತ್ತ ಬೆಳೆಯುವವನು. ಕಾಲುವೆಯ ಮೇಲ್ಭಾಗದ ಕೊಪ್ಪಳ ಜಿಲ್ಲೆಯವನಾದರೂ ನಮ್ಮ ಹೊಲ ಇರುವುದು ಉಪಕಾಲುವೆಯ ಬಾಲದ ಕಡೆ, ಅಂದರೆ ನೀರು ಕೊನೆಗೆ ಮುಟ್ಟುವ ಕಡೆ. ಹಾಗಾಗಿ ನೀರು ಬರುತ್ತದೋ ಇಲ್ಲವೋ ಎನ್ನುವ ಚಿಂತೆ ಮೇಲಿನವರಿಗಿಂತ ನಮಗೆ ಜಾಸ್ತಿ. ಸಸಿ ಮಡಿ ಯಾವಾಗ ಹಾಕಬೇಕು, ಎಷ್ಟು ಎಕರೆಗೆ ಹಾಕಬೇಕು, ಆಳುಗಳಿಗೆ ಯಾವಾಗ ಹೇಳಿಡಬೇಕು ಅನ್ನುವುದನ್ನೆಲ್ಲ ನಾನು ಡ್ಯಾಂ ಲೆಕ್ಕ ನೋಡಿಯೇ ತೀರ್ಮಾನಿಸುವುದು. ಅದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮಳೆಗಾಲ ಪೂರ್ತಿ ದಿನಾ ಬೆಳಿಗ್ಗೆ ನಾಲ್ಕು ಅಂಕಿ ಬರೆಯುತ್ತೇನೆ: ನೀರಿನ ಮಟ್ಟ, ಸಂಗ್ರಹ, ಇನ್‌ಫ್ಲೋ, ಔಟ್‌ಫ್ಲೋ.

ನಾಲ್ಕನ್ನೂ ಏಕೆ ಬರೆಯಬೇಕು? ಬರೀ ಇನ್‌ಫ್ಲೋ ಸಾಲದಾ? ಸಾಲದು. ಆ ಅಂಕಿ ಹೇಗೆ ಹುಟ್ಟುತ್ತದೆ ಅಂತ ಗೊತ್ತಾದರೆ ಯಾಕೆ ಸಾಲದು ಅನ್ನುವುದೂ ಗೊತ್ತಾಗುತ್ತದೆ.

ಹೊಳೆ ಡ್ಯಾಂ ಸೇರುವ ಕಡೆ ಒಂದು ಮೀಟರ್ ಕೂರಿಸಿದ್ದಾರೆ, ಅದು ಹರಿದು ಬಂದ ನೀರನ್ನೆಲ್ಲ ಎಣಿಸುತ್ತದೆ ಅಂತ ನಮ್ಮಲ್ಲಿ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ನಮಗೆ ಸಿಗುವ ಇನ್‌ಫ್ಲೋ ಮುಖ್ಯವಾಗಿ ಲೆಕ್ಕ ಹಾಕಿ ತೆಗೆದ ಅಂಕಿ. ನಿನ್ನೆ ಬೆಳಿಗ್ಗೆ ಡ್ಯಾಂನಲ್ಲಿ ಎಷ್ಟಿತ್ತು, ಇವತ್ತು ಎಷ್ಟಿದೆ, ನಡುವೆ ಎಷ್ಟು ಹೊರಗೆ ಬಿಟ್ಟರು. ಏರಿದ್ದಕ್ಕೆ ಬಿಟ್ಟಿದ್ದನ್ನು ಕೂಡಿಸಿದರೆ ಬಂದದ್ದು ಸಿಗುತ್ತದೆ. ಆವಿಯಾಗಿ ಹೋಗುವುದೂ ಇರುತ್ತದೆ, ಮಳೆಗಾಲದಲ್ಲಿ ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದನ್ನು ನೀವೇ ಮಾಡಿ ನೋಡಬಹುದು. ಅದಕ್ಕೆ ಒಂದು ಅಂಕಿ ಬಾಯಿಪಾಠ ಇರಬೇಕು, 11,574. ಇಷ್ಟು ಕ್ಯುಸೆಕ್ ನೀರು ಇಪ್ಪತ್ನಾಲ್ಕು ಗಂಟೆ ಒಂದೇ ಸಮ ಹರಿದರೆ ಒಂದು ಟಿಎಂಸಿ ಆಗುತ್ತದೆ. ಕ್ಯುಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ದಿನದಲ್ಲಿ 86,400 ಸೆಕೆಂಡ್. ನೂರು ಕೋಟಿಯನ್ನು ಅದರಿಂದ ಭಾಗಿಸಿದರೆ 11,574 ಬರುತ್ತದೆ. ನಾನು ಮನಸ್ಸಿನಲ್ಲೇ ಲೆಕ್ಕ ಮಾಡುವಾಗ ಹನ್ನೊಂದೂವರೆ ಸಾವಿರ ಅಂತ ಹಿಡಿಯುತ್ತೇನೆ.

ಈಗ ಒಂದು ಉದಾಹರಣೆ. ನಿನ್ನೆ ಸಂಗ್ರಹ 40 ಟಿಎಂಸಿ ಇತ್ತು, ಇವತ್ತು 43.2 ಆಗಿದೆ ಅಂದುಕೊಳ್ಳಿ. ಏರಿದ್ದು 3.2 ಟಿಎಂಸಿ. ಅದನ್ನು 11,574ರಿಂದ ಗುಣಿಸಿದರೆ 37,000 ಚಿಲ್ಲರೆ. ಅದೇ ಹೊತ್ತಿನಲ್ಲಿ ಕಾಲುವೆಗಳಿಗೆ 4,000 ಕ್ಯುಸೆಕ್ ಬಿಟ್ಟಿದ್ದರೆ ಅದನ್ನೂ ಸೇರಿಸಿ. ಇನ್‌ಫ್ಲೋ ಸುಮಾರು 41,000 ಕ್ಯುಸೆಕ್. ವಾಟ್ಸ್ಆ್ಯಪ್‌ನಲ್ಲಿ ಬಂದ ಅಂಕಿ ಇದರ ಹತ್ತಿರ ಇದ್ದರೆ ನಂಬುತ್ತೇನೆ. ಯಾರೋ "ಡ್ಯಾಂಗೆ ಲಕ್ಷ ಕ್ಯುಸೆಕ್ ಬರ್ತಿದೆ" ಅಂತ ಹೋದ ವರ್ಷದ ವಿಡಿಯೊ ಹಾಕಿದ್ದರೆ ಈ ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ. ಲಕ್ಷ ಕ್ಯುಸೆಕ್ ಬಂದಿದ್ದರೆ ಡ್ಯಾಂ ಒಂದೇ ದಿನಕ್ಕೆ ಎಂಟೂವರೆ ಟಿಎಂಸಿ ಏರಬೇಕಿತ್ತಲ್ವಾ?

ಇದರಿಂದ ಇನ್ನೂ ಒಂದು ವಿಷಯ ತಿಳಿಯುತ್ತದೆ. ಇನ್‌ಫ್ಲೋ ಅಂಕಿ ಒಂದು ದಿನದ ಸರಾಸರಿ. ರಾತ್ರಿ ಎರಡು ಗಂಟೆಗೆ ಹೊಳೆ ಉಕ್ಕಿ ಬೆಳಗಿನ ಹೊತ್ತಿಗೆ ಇಳಿದಿದ್ದರೆ ಅದು ಆ ಸರಾಸರಿಯಲ್ಲಿ ಕರಗಿ ಹೋಗಿರುತ್ತದೆ. ಡ್ಯಾಂ ತುಂಬುತ್ತಾ ಬಂದಾಗ ಅಂಕಿ ಕುಣಿಯುವುದೂ ಇದೆ. ತುಂಗಭದ್ರಾ ಡ್ಯಾಂ ಪೂರ್ತಿ ತುಂಬಿದರೆ 1,633 ಅಡಿ. ಕಟ್ಟಿದ ಕಾಲದ ಲೆಕ್ಕದಲ್ಲಿ ಆಗ ನೀರು ಹರಡಿಕೊಳ್ಳುವ ಜಾಗ 378 ಚದರ ಕಿಲೋಮೀಟರ್. ಅಷ್ಟು ಅಗಲದಲ್ಲಿ ಒಂದು ಅಡಿ ಅಂದರೆ ಮೂರೂವರೆ, ನಾಲ್ಕು ಟಿಎಂಸಿ. ಒಂದು ಅಡಿಯ ಹತ್ತನೇ ಒಂದು ಭಾಗ, ಅಂದರೆ ಹೆಬ್ಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು, ಗಾಳಿಗೋ ಅಲೆಗೋ ಓದಿನಲ್ಲಿ ಆಚೀಚೆ ಆದರೆ ಇನ್‌ಫ್ಲೋ ನಾಲ್ಕು ಸಾವಿರ ಕ್ಯುಸೆಕ್ ಏರುಪೇರಾಗುತ್ತದೆ. ಸೆಪ್ಟೆಂಬರಿನಲ್ಲಿ "ನಿನ್ನೆಗಿಂತ ಮೂರು ಸಾವಿರ ಕಡಿಮೆ" ಅಂತ ಯಾರಾದರೂ ಮುಖ ಸಣ್ಣಗೆ ಮಾಡಿಕೊಂಡರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಜೂನ್‌ನಲ್ಲಿ ಇದು ಉಲ್ಟಾ. ಡ್ಯಾಂ ತಳದಲ್ಲಿರುತ್ತದೆ, ನೀರಿನ ಹರವು ಸಣ್ಣದು. ಒಂದೇ ದಿನ ಮೂರು ಅಡಿ ಏರಿತು ಅಂತ ಕುಣಿಯುತ್ತಾರೆ. ಆ ಮೂರು ಅಡಿಯಲ್ಲಿ ನಮ್ಮ ಕಾಲುವೆಗೆ ನಾಲ್ಕು ದಿನದ ನೀರೂ ಇರುವುದಿಲ್ಲ. ಹಾಗಾಗಿ ನಾನು ಅಡಿಯ ಲೆಕ್ಕ ಮಾತಾಡುವುದನ್ನೇ ಬಿಟ್ಟಿದ್ದೇನೆ. ಟಿಎಂಸಿ ಹೇಳಿದರೆ ಮಾತ್ರ ಕಿವಿ ಕೊಡುತ್ತೇನೆ.

ಇನ್‌ಫ್ಲೋ ನೋಡುವುದಕ್ಕಿಂತ ಮೊದಲು ನಾನು ಮಲೆನಾಡಿನ ಕಡೆ ನೋಡುತ್ತೇನೆ. ಆಗುಂಬೆ, ಶೃಂಗೇರಿ, ತೀರ್ಥಹಳ್ಳಿಯಲ್ಲಿ ಮಳೆ ಹೇಗಿದೆ, ಶಿವಮೊಗ್ಗ ಹತ್ತಿರದ ಗಾಜನೂರು ಡ್ಯಾಂನಿಂದ ಎಷ್ಟು ಬಿಡುತ್ತಿದ್ದಾರೆ. ಗಾಜನೂರು ಸಣ್ಣದು. ಮೂರು ಟಿಎಂಸಿ ಚಿಲ್ಲರೆ ಹಿಡಿದರೆ ತುಂಬಿಹೋಗುತ್ತದೆ. ಹಾಗಾಗಿ ತುಂಗೆಯ ನೀರು ಬೇಗ ಕೆಳಗೆ ಬರುತ್ತದೆ. ಭದ್ರಾ ಹಾಗಲ್ಲ. ಲಕ್ಕವಳ್ಳಿಯ ಭದ್ರಾ ಡ್ಯಾಂ 71 ಟಿಎಂಸಿಗಿಂತ ಹೆಚ್ಚು ಹಿಡಿಯುತ್ತದೆ. ಅದು ತನ್ನ ಹೊಟ್ಟೆ ತುಂಬಿಸಿಕೊಂಡ ಮೇಲೇ ನಮ್ಮ ಕಡೆ ನೋಡುವುದು. ಎರಡೂ ಹೊಳೆ ಕೂಡಲಿಯಲ್ಲಿ ಸೇರಿ, ಹೊನ್ನಾಳಿ, ಹರಿಹರ ದಾಟಿ, ಹಾವೇರಿ ಕಡೆಯಿಂದ ಬರುವ ವರದೆಯನ್ನೂ ಕೂಡಿಸಿಕೊಂಡು ಡ್ಯಾಂ ಮುಟ್ಟಬೇಕು. ಗಾಜನೂರಿನಲ್ಲಿ ಗೇಟು ಎತ್ತಿದರೆ ಆ ನೀರು ನಮ್ಮ ಲೆಕ್ಕಕ್ಕೆ ಸೇರಲು ಒಂದೆರಡು ದಿನ ಬೇಕು. ಅಂದರೆ ನಾಳಿದ್ದಿನ ಇನ್‌ಫ್ಲೋ ಇವತ್ತೇ ಅಂದಾಜು ಮಾಡಬಹುದು. ಗಾಜನೂರಿನ ಔಟ್‌ಫ್ಲೋ ನಮ್ಮ ಇನ್‌ಫ್ಲೋ. ಮುನಿರಾಬಾದ್ ಕಡೆ ಹೋಗಿದ್ದ ನಮ್ಮೂರವರು "ಹೊಸ ನೀರು ಬಂತು, ಕೆಂಪಗೈತಿ" ಅಂದರೆ ಅದು ನನ್ನ ಅಂದಾಜಿಗೆ ಸಾಕ್ಷಿ.

ಸಸಿ ಮಡಿಯ ವಿಷಯಕ್ಕೆ ಬರುತ್ತೇನೆ. ನಾಟಿಗೆ 25ರಿಂದ 30 ದಿನದ ಸಸಿ ಬೇಕು. ಕಾಲುವೆಗೆ ನೀರು ಬಿಟ್ಟ ಮೇಲೆ ಮಡಿ ಹಾಕಿದರೆ ಒಂದು ತಿಂಗಳು ತಡ. ನೀರಿನ ಸುಳಿವಿಲ್ಲದೆ ಮೊದಲೇ ಹಾಕಿದರೆ ಸಸಿ ಬಲಿತು, ನಾಟಿ ಮಾಡಿದ ಮೇಲೆ ತೆಂಡೆ, ಅಂದರೆ ಬುಡದಿಂದ ಬರುವ ಹೊಸ ಕವಲು, ಸರಿಯಾಗಿ ಒಡೆಯುವುದಿಲ್ಲ. ಬೋರ್ ಇರುವವರು ಧೈರ್ಯವಾಗಿ ಮಡಿ ಹಾಕುತ್ತಾರೆ. ನಾನು ಗಾಜನೂರು ಕೆಲವು ದಿನ ಬಿಡದೆ ಹರಿಯಬೇಕು, ನಮ್ಮ ಡ್ಯಾಂ ನಲವತ್ತು ಟಿಎಂಸಿ ದಾಟಬೇಕು ಅಂತ ಕಾಯುತ್ತೇನೆ. ಈ ನಲವತ್ತು ಸರ್ಕಾರದ ನಿಯಮ ಅಲ್ಲ, ನನ್ನದು. ಅದರ ಹಿಂದೆಯೂ ಒಂದು ಲೆಕ್ಕ ಇದೆ. ಎಡದಂಡೆ ಕಾಲುವೆ ನಾಲ್ಕು ಸಾವಿರ ಕ್ಯುಸೆಕ್ ಆಸುಪಾಸು ಹರಿದರೆ ಮೂರು ದಿನಕ್ಕೆ ಒಂದು ಟಿಎಂಸಿ. ಬೆಳೆಗೆ ನಾಲ್ಕು ತಿಂಗಳು ಹಿಡಿದರೆ ನಲವತ್ತು ಟಿಎಂಸಿ ನಮ್ಮ ಕಾಲುವೆ ಒಂದಕ್ಕೇ ಆಯಿತು. ಬಲದಂಡೆಯ ಕಾಲುವೆಗಳು ಬೇರೆ, ಆಂಧ್ರ, ತೆಲಂಗಾಣದ ಪಾಲು ಬೇರೆ, ಕುಡಿಯುವ ನೀರು ಬೇರೆ. ಹಾಗಾಗಿ ನಲವತ್ತು ಆದಾಗ ನೀರು ಸಾಕು ಅಂತ ಅರ್ಥವಲ್ಲ. ಹಿಂದಿನಿಂದ ಇನ್‌ಫ್ಲೋ ಇನ್ನೂ ಜೋರಿದ್ದರೆ ಮಡಿ ಹಾಕಬಹುದು ಅಂತ ಅಷ್ಟೇ.

ನಮ್ಮ ಓಣಿಯ ಹುಡುಗಿಯೊಬ್ಬಳು ಗಂಗಾವತಿಯಲ್ಲಿ ಡಿಗ್ರಿ ಓದುತ್ತಾಳೆ. ಒಮ್ಮೆ ನನ್ನ ನೋಟ್‌ಬುಕ್ ನೋಡಿ ಕೇಳಿದಳು, "ಕಾಕಾ, ಇನ್‌ಫ್ಲೋ, ಇನ್‌ಫ್ಲಕ್ಸ್ ಎರಡೂ ಒಂದೇ ಏನ್ರಿ?" ಪರೀಕ್ಷೆಗೆ ಬಂದಿತ್ತಂತೆ. ಎರಡಕ್ಕೂ ಒಳಗೆ ಹರಿದು ಬರುವುದು ಅಂತಲೇ ಅರ್ಥ. ಆದರೆ ಬಳಸುವ ಜಾಗ ಬೇರೆ. ಅಳೆದು ಅಂಕಿ ಹೇಳುವ ಕಡೆ ಇನ್‌ಫ್ಲೋ. ಡ್ಯಾಂಗೆ ನೀರು, ಕಂಪನಿ ಲೆಕ್ಕಪತ್ರದಲ್ಲಿ ದುಡ್ಡು. ಅದರ ಎದುರು ಔಟ್‌ಫ್ಲೋ ಇರುತ್ತದೆ. ಜನವೋ ಸರಕೋ ಒಮ್ಮೆಲೇ ಗುಂಪಾಗಿ ನುಗ್ಗಿ ಬಂದರೆ ಇನ್‌ಫ್ಲಕ್ಸ್. ಗಣಿಗಾರಿಕೆ ಜೋರಿದ್ದ ಕಾಲದಲ್ಲಿ ಬಳ್ಳಾರಿ, ಸಂಡೂರು ಕಡೆ ಬಂದ ಲಾರಿ, ಜನ ಎಲ್ಲ ಇನ್‌ಫ್ಲಕ್ಸ್. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದೂ ನಿಂತಿತು. ಇಷ್ಟು ಹೇಳಿದೆ, ಅವಳಿಗೆ ಸರಿ ಅನಿಸಿತು.

ಮತ್ತೊಂದು ವಿಷಯವನ್ನೂ ಹೇಳಿದೆ. ನಾವು "ನೀರು ಇನ್‌ಫ್ಲೋ ಆಗ್ತೈತಿ" ಅಂತ ಆಡುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದನ್ನು ಹಾಗೇ ಕ್ರಿಯಾಪದ ಮಾಡಬಾರದು. ಅದು ನಾಮಪದ. ನೀರು ಬರುತ್ತಿದೆ ಅನ್ನಲು ಅವರು ಫ್ಲೋಯಿಂಗ್ ಇನ್ ಅನ್ನುತ್ತಾರೆ. ಗಂಗಾವತಿ ಎಪಿಎಂಸಿಗೆ ಭತ್ತ ಬಂದರೆ ಅದಕ್ಕೆ ನಾವು ಇನ್‌ಫ್ಲೋ ಅನ್ನುವುದಿಲ್ಲ, ಆವಕ ಅನ್ನುತ್ತೇವೆ. ಇಂಗ್ಲಿಷಿನವರೂ ಅಲ್ಲಿ ಅರೈವಲ್ಸ್ ಅನ್ನುವುದು.

ಇನ್ನು ಇನ್‌ಫ್ಲೋ ಜೋರಿದ್ದರೂ ನೀರು ನಮ್ಮ ಕೈಗೆ ಸಿಗದ ಕಾಲದ ಬಗ್ಗೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಡ್ಯಾಂ ತುಂಬಿ ನಿಂತಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಒಟ್ಟು 33 ಗೇಟು. ಆ ವಾರ ನಮ್ಮೂರಲ್ಲಿ ಇನ್‌ಫ್ಲೋ ಕೇಳುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಔಟ್‌ಫ್ಲೋ. ಲಕ್ಷ ಕ್ಯುಸೆಕ್ ಹೊರಹೋದರೆ ದಿನಕ್ಕೆ ಎಂಟೂವರೆ ಟಿಎಂಸಿ ಹೋಯಿತು. ನಾನು ನೋಟ್‌ಬುಕ್ ಹಿಡಿದು ಕೂತು, ಇದೇ ರೀತಿ ಹೋದರೆ ಎಷ್ಟಕ್ಕೆ ಬಂದು ನಿಲ್ಲುತ್ತದೆ, ನಾಟಿ ಮಾಡಿದ ಗದ್ದೆಗೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ಉಕ್ಕಿನ ತಡೆ, ಇಳಿಸುವ ಕೆಲಸ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ಆಯಿತು. ಆಮೇಲೆ ಮಲೆನಾಡಿನಲ್ಲಿ ಮತ್ತೆ ಮಳೆ ಹಿಡಿಯಿತು. ಡ್ಯಾಂ ಮತ್ತೆ ತುಂಬಿತು. ಆ ವರ್ಷ ನಮ್ಮನ್ನು ಉಳಿಸಿದ್ದು ಸೆಪ್ಟೆಂಬರಿನ ಇನ್‌ಫ್ಲೋ.

2025ರಲ್ಲಿ ಇನ್ನೊಂದು ತರ. ಇನ್‌ಫ್ಲೋಗೆ ಕೊರತೆ ಇರಲಿಲ್ಲ. ಗೇಟುಗಳ ಸುರಕ್ಷತೆ ನೋಡಿ ಸಂಗ್ರಹವನ್ನು 80 ಟಿಎಂಸಿ ಆಸುಪಾಸಿಗೇ ನಿಲ್ಲಿಸಿದರು. ಅದರ ಮೇಲೆ ಬಂದದ್ದೆಲ್ಲ ಹೊಳೆಗೆ. ಡ್ಯಾಂ ಕಟ್ಟಿದಾಗ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಇರುವುದು 105.788. ಅದರಲ್ಲೂ 80ಕ್ಕೆ ಇಳಿದರೆ ಲೆಕ್ಕ ಬಿಗಿಯಾಗುತ್ತದೆ. ಹೊಸಬರು "ದಿನಾ ಇಷ್ಟು ಸಾವಿರ ಬರ್ತೈತಲ್ರಿ, ಎರಡನೇ ಬೆಳೆಗೆ ಏನು ಚಿಂತಿ?" ಅನ್ನುತ್ತಿದ್ದರು. ಬರುವ ನೀರು ಬೇರೆ, ನಿಲ್ಲುವ ನೀರು ಬೇರೆ ಅಂತ ಹೇಳಿ ಹೇಳಿ ಸಾಕಾಯಿತು. ಕನಕಗಿರಿ ತಾಲ್ಲೂಕಿನ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಹೊಳೆಗೆ ಹೋಗುವ ಇನ್‌ಫ್ಲೋ ಹಿಡಿಯಲು ಅದು ಬೇಕು ಅನ್ನುವವರಲ್ಲಿ ನಾನೂ ಒಬ್ಬ.

ಅಕ್ಟೋಬರ್ ಕಳೆದ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಇನ್‌ಫ್ಲೋ ಕಾಲಂ ಖಾಲಿ ಬಿಡುತ್ತೇನೆ. ಆಮೇಲೆ ಬರುವುದು ಸಣ್ಣ ಹರಿವು, ಅದನ್ನು ನಂಬಿ ಯಾವ ತೀರ್ಮಾನವೂ ಆಗುವುದಿಲ್ಲ. ಆಗ ನೋಡಬೇಕಾದ್ದು ಸಂಗ್ರಹ, ದಿನಾ ಎಷ್ಟು ಬಿಡುತ್ತಿದ್ದಾರೆ ಮತ್ತು ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆ ಏನು ಹೇಳುತ್ತದೆ ಅನ್ನುವುದು. ನಮ್ಮಂಥ ಬಾಲದವರು ಇದರ ಜೊತೆಗೆ ಕಾಲುವೆಯ ಗೇಜ್, ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ, ಕೂಡ ನೋಡಬೇಕು. ಡ್ಯಾಂನಲ್ಲಿ ನೀರಿದ್ದರೂ ನಮ್ಮ ಮೈಲಿನಲ್ಲಿ ಗೇಜ್ ಬಿದ್ದರೆ ಗದ್ದೆಗೆ ಹನಿ ನೀರು ಬರುವುದಿಲ್ಲ. ಆ ಅಂಕಿ ಯಾವ ಬುಲೆಟಿನ್‌ನಲ್ಲೂ ಬರುವುದಿಲ್ಲ. ಬೈಕ್ ಹತ್ತಿ ಕಾಲುವೆ ಮೇಲೆ ಹೋಗಿ, ಗೇಜ್ ಕಲ್ಲು ಓದಿ, ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ ಹತ್ತಿರ ಎರಡು ಮಾತಾಡಿ ಬರಬೇಕು.