ಫಂಕ್ಷನ್ ಕರೆಯಲ್ಲಿ ಬೇಡದ ಎಕ್ಸ್‌ಟೆನ್ಶನ್: ಹುಡುಕುವುದು, ತೆಗೆಯುವುದು

ಸಿ ಭಾಷೆಯಲ್ಲಿ, ಕರೆಯುವ ಫಂಕ್ಷನ್ ಒಂದು ಶಾರ್ಟ್ (16 ಬಿಟ್ ಪೂರ್ಣಾಂಕ) ಬೆಲೆಯನ್ನು 32 ಬಿಟ್‌ಗೆ ಹಿಗ್ಗಿಸುತ್ತದೆ, ಇದೇ ಎಕ್ಸ್‌ಟೆನ್ಶನ್. ಅದೇ ಬೆಲೆಯನ್ನು ಕರೆಸಿಕೊಂಡ ಫಂಕ್ಷನ್ ಮತ್ತೊಮ್ಮೆ ಹಿಗ್ಗಿಸುತ್ತದೆ. ಎರಡರಲ್ಲಿ ಒಂದು ದಂಡ. ಯಾವುದು ಎಂದು ತೀರ್ಮಾನಿಸುವುದು ಮಾತ್ರ ಎಬಿಐ, ಅಂದರೆ ಫಂಕ್ಷನ್‌ಗಳು ಬೆಲೆಗಳನ್ನು ಹೇಗೆ ದಾಟಿಸಬೇಕೆಂಬ ಒಪ್ಪಂದ. ಅಸೆಂಬ್ಲಿ ನೋಡಿದ ಮಾತ್ರಕ್ಕೆ ಅದು ತಿಳಿಯದು.

ಮೊದಲು ಕಣ್ಣಾರೆ ನೋಡಿ. ‘ಜಿ’ ಒಂದು ಶಾರ್ಟ್ ಪಡೆದು, ಅದಕ್ಕೆ 1 ಕೂಡಿಸಿ ಇಂಟ್ ಆಗಿ ಹಿಂದಿರುಗಿಸಲಿ. ‘ಎಫ್’ ತನಗೆ ಬಂದ ಶಾರ್ಟನ್ನು ಹಾಗೇ ಜಿಗೆ ದಾಟಿಸಲಿ. ಎರಡನ್ನೂ ಬೇರೆ ಬೇರೆ ಫೈಲಿನಲ್ಲಿಡಿ, ಇಲ್ಲದಿದ್ದರೆ ಜಿ ಇನ್‌ಲೈನ್ ಆಗಿ (ಅದರ ಕೋಡ್ ಎಫ್‌ನೊಳಗೇ ಸೇರಿ) ಕರೆಯೇ ಮಾಯವಾಗುತ್ತದೆ. 64 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ ಓ2 ಆಪ್ಟಿಮೈಸೇಶನ್ ಮಟ್ಟದಲ್ಲಿ ಕಂಪೈಲ್ ಮಾಡಿ ಅಸೆಂಬ್ಲಿ ತೆಗೆಸಿ. ಜಿಸಿಸಿ ಕಂಪೈಲರ್ ಎರಡೂ ಕಡೆ ಮೂವ್‌ಎಸ್‌ಎಕ್ಸ್ (ಚಿಹ್ನೆ ಉಳಿಸಿ ಹಿಗ್ಗಿಸುವ ಸೂಚನೆ) ಹಾಕುತ್ತದೆ. ಕ್ಲ್ಯಾಂಗ್ ಕಂಪೈಲರಿನ ಎಫ್‌ನಲ್ಲಿ ಉಳಿಯುವುದು ಜಿಗೆ ಒಂದು ಜಂಪ್ ಅಷ್ಟೇ.

ಹಾಗಂತ ಕ್ಲ್ಯಾಂಗ್ ಮಾಡಿದ್ದನ್ನೇ ಕೈಯಾರೆ ಮಾಡಲು ಹೋಗಬೇಡಿ. ‘ಕರೆಯುವವರು 32 ಬಿಟ್‌ಗೆ ಹಿಗ್ಗಿಸಿಯೇ ಕಳಿಸುತ್ತಾರೆ’ ಎಂಬ ರೂಢಿಯನ್ನು ಅದು ನಂಬಿದೆ. ನೀವು ಬರೆದ ಅಸೆಂಬ್ಲಿ, ಮೊದಲ ಆರ್ಗ್ಯುಮೆಂಟ್ ಹೋಗುವ ಇಡಿಐ ರಿಜಿಸ್ಟರಿನಲ್ಲಿ 131071 ಇಟ್ಟು ಜಿಯನ್ನು ಕರೆಯಿತು ಎನ್ನಿ. ಕೆಳಗಿನ 16 ಬಿಟ್ ಮಾತ್ರ ಓದಿದರೆ ಅದು -1, ಉತ್ತರ 0 ಬರಬೇಕು. ಕ್ಲ್ಯಾಂಗ್‌ನ ಜಿ ಕೊಡುವುದು 131072. ಇಂಥ ದೋಷ ಟೆಸ್ಟಿನಲ್ಲಿ ಸಿಗುವುದು ಅಪರೂಪ, ಏಕೆಂದರೆ ಮೇಲಿನ ಬಿಟ್‌ಗಳು ಬಹುತೇಕ ಸರಿಯಾಗಿಯೇ ಇರುತ್ತವೆ.

32 ಬಿಟ್ ಇಂಟ್‌ನಿಂದ 64 ಬಿಟ್‌ಗೆ ಹೋಗುವಾಗಿನ ಕಥೆ ಬೇರೆ. ಇಲ್ಲಿ ಮೇಲಿನ 32 ಬಿಟ್‌ಗಳಲ್ಲಿ ಕಸ ಇರಬಹುದು ಎಂದೇ ಲೆಕ್ಕ, ಆದ್ದರಿಂದ ಅರೇ ಇಂಡೆಕ್ಸಿಗೆ ಮುಂಚಿನ ಮೂವ್‌ಎಸ್‌ಎಕ್ಸ್‌ಡಿ (32ರಿಂದ 64 ಬಿಟ್‌ಗೆ ಹಿಗ್ಗಿಸುವ ಸೂಚನೆ) ಬೇಕೇ ಬೇಕು. ಇಡಿಐನಿಂದ ಇಡಿಐಗೇ ಮೂವ್ ಮಾಡುವ ಸಾಲು ಕಂಡರೆ ಅದೂ ವ್ಯರ್ಥವಲ್ಲ. ಮೇಲಿನ 32 ಬಿಟ್‌ಗಳನ್ನು ಸೊನ್ನೆ ಮಾಡುತ್ತಿದೆ.

ತೆಗೆಯುವ ಸರಿಯಾದ ಜಾಗ ಸೋರ್ಸ್ ಕೋಡ್. ಪ್ಯಾರಾಮೀಟರು, ಲೋಕಲ್ ವೇರಿಯಬಲ್ಲುಗಳಿಗೆ ಇಂಟ್ ಸಾಕು. ಶಾರ್ಟ್, ಕ್ಯಾರ್‌ಗಳನ್ನು ಅರೇ ಮತ್ತು ಸ್ಟ್ರಕ್ಟ್‌ಗಳಿಗೆ ಮೀಸಲಿಡಿ. ಇಂಡೆಕ್ಸಿಗೆ ಸೈಜ್-ಟಿ (ಇಲ್ಲಿ 64 ಬಿಟ್‌ನ ಅನ್‌ಸೈನ್ಡ್ ಟೈಪ್) ಬಳಸಿ. ಚಿಕ್ಕ ಫಂಕ್ಷನ್ನನ್ನು ಸ್ಟ್ಯಾಟಿಕ್ ಮಾಡಿ, ಇನ್‌ಲೈನ್ ಆದರೆ ಎರಡನೆಯ ಎಕ್ಸ್‌ಟೆನ್ಶನ್ ತಾನಾಗಿ ಹೋಗುತ್ತದೆ. ಕರೆ ಬಿಸಿ ಲೂಪಿನೊಳಗೆ (ಲೆಕ್ಕವಿಲ್ಲದಷ್ಟು ಸಲ ಓಡುವ ಲೂಪ್) ಇಲ್ಲದಿದ್ದರೆ ಇಷ್ಟು ಶ್ರಮವೂ ಬೇಡ.

ಬೇರೆ ಪ್ರೊಸೆಸರಿಗೆ ಹೋದಾಗ ಎಬಿಐಯನ್ನು ಹೊಸದಾಗಿ ಓದಿ. ಎಆರ್ಚ್64ರ (64 ಬಿಟ್ ಆರ್ಮ್) ಸಾಮಾನ್ಯ ನಿಯಮದಲ್ಲಿ ಹಿಗ್ಗಿಸುವುದು ಕರೆಸಿಕೊಂಡವರ ಕೆಲಸ, ಆಪಲ್‌ನದರಲ್ಲಿ ಕರೆಯುವವರ ಕೆಲಸ. 64 ಬಿಟ್ ರಿಸ್ಕ್-ಫೈವ್ ಅನ್‌ಸೈನ್ಡ್ ಇಂಟನ್ನೂ ಸೈನ್-ಎಕ್ಸ್‌ಟೆಂಡ್ (ಚಿಹ್ನೆಯ ಬಿಟ್ಟನ್ನೇ ಮೇಲಕ್ಕೆ ತುಂಬಿ ಹಿಗ್ಗಿಸುವುದು) ಮಾಡಿಯೇ ದಾಟಿಸುತ್ತದೆ. ಅಲ್ಲಿ ಅನ್‌ಸೈನ್ಡ್ ಇಂಡೆಕ್ಸಿನ ಮೇಲಿನ ಬಿಟ್‌ಗಳನ್ನು ಸೊನ್ನೆ ಮಾಡಲು ಎರಡು ಶಿಫ್ಟ್ ಬೀಳುವುದು ಅದಕ್ಕೇ.

ಟೈಪ್ ಬದಲಿಸಿದ ಮೇಲೆ ಒಂದು ತಪಾಸಣೆ ಬಾಕಿ: 32767ರ ನಂತರ -32768ಕ್ಕೆ ಸುತ್ತುವುದನ್ನೇ ನೆಚ್ಚಿಕೊಂಡ ಹಳೆಯ ಲೆಕ್ಕ ಎಲ್ಲಾದರೂ ಇದ್ದರೆ, ಅಲ್ಲಿ ಶಾರ್ಟ್‌ಗೆ ಕಾಸ್ಟ್ ಹಾಗೇ ಉಳಿಯಲಿ.