ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಾ? ಮೊದಲು ಕರೆಂಟ್ ಬಿಲ್ ಕೇಳಿ

ಶಿರಸಿಯಿಂದ ರಾತ್ರಿ ಬಸ್ಸು ಹತ್ತಿ, ಇಲ್ಲಾ ಕಾರವಾರದಿಂದ ಪಂಚಗಂಗಾ ರೈಲು ಹಿಡಿದು ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು, ಸಂಜೆಯೊಳಗೆ ಮನೆ ಮಾಡಿಬಿಡ್ತೇನೆ ಅಂತ ಹೊರಡಬೇಡಿ. ನಾನು ಹಾಗೇ ಹೊರಟಿದ್ದೆ. ಬ್ರೋಕರ್ "ಸಾರ್, ಇನ್ನೂ ನಾಲ್ಕು ಜನ ಕಾಯ್ತಿದ್ದಾರೆ" ಅಂದ, ನಾನು ಅಲ್ಲೇ ಟೋಕನ್ ಅಡ್ವಾನ್ಸ್ ಕೊಟ್ಟೆ. ವಾರದ ಮೇಲೆ ಕೆಳಗಿನ ಇಸ್ತ್ರಿ ಅಂಗಡಿಯವನು ಹೇಳಿದ, ಆ ಮನೆ ಐದು ತಿಂಗಳಿಂದ ಖಾಲಿ ಇತ್ತಂತೆ.

ಬಾಡಿಗೆ ನಮ್ಮ ಕೈಗೆಟುಕುವುದಿಲ್ಲ, ಆದರೆ ಅದೇ ಬೀದಿಯಲ್ಲಿ ಮನೆಗಳು ಬೀಗ ಹಾಕಿಕೊಂಡು ಕೂತಿವೆ. 2011ರ ಜನಗಣತಿಯಲ್ಲೇ ದೇಶದ ನಗರ, ಪಟ್ಟಣಗಳಲ್ಲಿ ಸುಮಾರು 1.1 ಕೋಟಿ ಮನೆ ಖಾಲಿ ಇದ್ದವು. ಬಾಡಿಗೆಗೆ ಬಂದವರು ಬಿಟ್ಟು ಹೋಗದಿದ್ದರೆ ಅನ್ನೋ ಹೆದರಿಕೆ ಕೆಲವರಿಗೆ. ಇನ್ನು ಕೆಲವರು ರೇಟು ಏರಲಿ ಅಂತಲೇ ಫ್ಲ್ಯಾಟ್ ತಗೊಂಡವರು, ಬಾಡಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಬಾಡಿಗೆಗೆ ಅಂತ ಬೋರ್ಡು ಹಾಕಿ ಕಾಯುತ್ತಿರುವ ಓನರ್‌ಗೆ ಪ್ರತಿ ತಿಂಗಳೂ ನಷ್ಟವೇ. ಮನೆ ಖಾಲಿ ಇದ್ದರೂ ಅಸೋಸಿಯೇಷನ್‌ಗೆ ಮೇಂಟೆನೆನ್ಸ್ ಕಟ್ಟಲೇಬೇಕಲ್ವಾ. ನೀವು ಹುಡುಕಬೇಕಾದದ್ದು ಇವರನ್ನು.

ಹೇಗೆ ಅಂದರೆ, ರಾತ್ರಿ ಎಂಟು ಗಂಟೆಗೆ ಹೋಗಿ ಅಪಾರ್ಟ್‌ಮೆಂಟ್ ಎದುರು ನಿಂತು ತಲೆ ಎತ್ತಿ ನೋಡಿ. ಎರಡು ಮೂರು ದಿನ ಒಂದೇ ಕಿಟಕಿ ಕತ್ತಲೆ, ಬಾಲ್ಕನಿಯಲ್ಲಿ ಬಟ್ಟೆ ಇಲ್ಲ, ಬರೀ ಪಾರಿವಾಳದ ಹಿಕ್ಕೆ. ಸೆಕ್ಯೂರಿಟಿಯವರ ಹತ್ತಿರ ಸುಮ್ನೆ ಮಾತಾಡಿ. ಯಾವ ಮನೆ ಎಷ್ಟು ದಿನದಿಂದ ಖಾಲಿ ಅಂತ ಬ್ರೋಕರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಮನೆ ನೋಡಲು ಹೋದಾಗ ಹಿಂದಿನ ಮೂರು ತಿಂಗಳ ಕರೆಂಟ್ ಬಿಲ್ ಕೇಳಿ. "ಯಾಕೆ?" ಅಂದರೆ, "ಬಾಕಿ ಏನಾದ್ರೂ ಇದ್ಯಾ ನೋಡೋಕೆ" ಅನ್ನಿ, ಅದೂ ಸುಳ್ಳಲ್ಲ. ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಹೆಚ್ಚುಕಡಿಮೆ ಒಂದೇ ಇದ್ದು, ಬರೀ ನಿಗದಿತ ಶುಲ್ಕ ಬಂದಿದ್ದರೆ ಅಷ್ಟು ದಿನ ಅಲ್ಲಿ ಯಾರೂ ಫ್ಯಾನ್ ಕೂಡ ಹಾಕಿಲ್ಲ ಅಂತ ಅರ್ಥ.

ಈಗ ಆ ಬಿಲ್ ಹಿಡಿದು ಓನರ್ ಹತ್ತಿರ ಲೆಕ್ಕ ಹೇಳಿ. ಎರಡನೇ ಸಲ ಮನೆ ಹುಡುಕಿದಾಗ ಓನರ್ ಹೇಳಿದ್ದು 28,000. ನಾನು 26,000 ಅಂದೆ. "ಆಗಲ್ಲಪ್ಪ, ರೇಟೇ ಹಂಗಿದೆ" ಅಂದರು. "ಅಂಕಲ್, ಎರಡು ಸಾವಿರ ಬಿಟ್ರೆ ಹನ್ನೊಂದು ತಿಂಗಳಿಗೆ 22,000 ಹೋಗುತ್ತೆ. ಇನ್ನೊಂದು ತಿಂಗಳು ಖಾಲಿ ಇಟ್ರೆ 28,000 ಹೋಗುತ್ತೆ." ಅವರು ಸ್ವಲ್ಪ ಹೊತ್ತು ಬಿಲ್ಲನ್ನೇ ನೋಡಿದರು. 26,500ಕ್ಕೆ ಮುಗಿಯಿತು.

ಬಹಳ ದಿನ ಮುಚ್ಚಿದ ಮನೆಗೆ ಅದರದ್ದೇ ರೋಗ ಇರುತ್ತೆ. ಇದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ ಬೀಗ ಬಿದ್ದ ಮನೆಯನ್ನು ಮಳೆಗಾಲ ಕಳೆದು ತೆಗೆದಾಗ ಬರುತ್ತಲ್ಲ ಬೂಷ್ಟಿನ ವಾಸನೆ, ಅದೇ ಮೂಗು ಇಲ್ಲೂ ಕೆಲಸಕ್ಕೆ ಬರುತ್ತೆ. ವಾರ್ಡ್‌ರೋಬ್ ತೆಗೆದು ಮೂಸಿ. ಎಲ್ಲ ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ಗೀಸರ್ ಹಾಕಿ ನೋಡಿ. ಬಚ್ಚಲಲ್ಲಿ ಗಟಾರದ ನಾತ ಬಂದರೆ ಗಾಬರಿ ಬೇಡ, ಜಾಲರಿ ಕೆಳಗಿನ ಟ್ರ್ಯಾಪ್‌ನಲ್ಲಿ ನಾತ ತಡೆಯಲು ನಿಂತ ನೀರು ಒಣಗಿರುತ್ತೆ, ಎರಡು ಬಕೆಟ್ ಸುರಿದರೆ ಹೋಗುತ್ತೆ. ಹೋಗದಿದ್ದರೆ ರಿಪೇರಿ ಮಾಡಿಸಿಕೊಟ್ಟ ಮೇಲೇ ಅಡ್ವಾನ್ಸ್. ಹಾಗೇ ನೀರು ಕಾವೇರಿಯೋ, ಬೋರ್‌ವೆಲ್ಲೋ, ಟ್ಯಾಂಕರ್ರೋ ಕೇಳಿಕೊಳ್ಳಿ. ಟ್ಯಾಂಕರ್ ಆದರೆ ಏಪ್ರಿಲ್‌ನಲ್ಲಿ ಖರ್ಚು ಯಾರ ತಲೆಗೆ ಅನ್ನೋದನ್ನೂ.

"ವೆಜ್ಜಾ, ನಾನ್‌ವೆಜ್ಜಾ?" ಈ ಪ್ರಶ್ನೆ ಬಂದೇ ಬರುತ್ತೆ. ಕರಾವಳಿಯವರು ಮುಚ್ಚಿಡಬೇಡಿ ಮಾರಾಯ್ರೆ, ಬಂಗಡೆ ಹುರಿದ ದಿನ ಮೂರು ಮಹಡಿಗೂ ಗೊತ್ತಾಗುತ್ತೆ.

ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ, ಯಾಕಂದರೆ ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು. ಅಡ್ವಾನ್ಸ್ ಚೌಕಾಸಿ ಮಾಡುವಾಗ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡೇ ತಿಂಗಳ ಠೇವಣಿ ಅನ್ನುತ್ತದೆ ಅಂತ ನೆನಪಿಸಿ. ಅದು ಮಾದರಿ ಅಷ್ಟೇ, ರಾಜ್ಯ ಒಪ್ಪಿ ಕಾನೂನು ಮಾಡದೆ ಲಾಗೂ ಆಗಲ್ಲ, ಆದರೂ ಹತ್ತು ತಿಂಗಳು ಕೇಳುವವರನ್ನು ಐದಕ್ಕೆ ಇಳಿಸಲು ಉಪಯೋಗಕ್ಕೆ ಬರುತ್ತೆ. ಓನರ್ ಅನಿವಾಸಿ ಭಾರತೀಯರಾದರೆ ಬಾಡಿಗೆ ಎಷ್ಟೇ ಇರಲಿ ಅದರಲ್ಲಿ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮದು, ಹಾಗಾಗಿ ಸಹಿಗೆ ಮೊದಲೇ ಒಬ್ಬ ಆಡಿಟರ್‌ನ ಕೇಳಿ. ಗೃಹಜ್ಯೋತಿಯ ಉಚಿತ ಕರೆಂಟ್ ಬೇಕಿದ್ದರೆ ಹಿಂದಿನ ಬಾಡಿಗೆದಾರರ ಆಧಾರ್ ಆ ಮನೆಯ ಕರೆಂಟ್ ಸಂಪರ್ಕದ ಆರ್‌ಆರ್ ನಂಬರಿನಿಂದ ಡಿ-ಲಿಂಕ್ ಆಗಿರಬೇಕು.

ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನ ವಾಡಿಕೆ. ಎಷ್ಟು ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ. ಕೀ ಕೈಗೆ ಬಂದ ದಿನ, ಸಾಮಾನು ಇಳಿಸುವ ಮೊದಲು, ಗೋಡೆ, ಬಾಗಿಲು, ಮೀಟರ್ ರೀಡಿಂಗ್ ಎಲ್ಲ ವಿಡಿಯೋ ಮಾಡಿ ಓನರ್‌ಗೆ ವಾಟ್ಸಾಪ್ ಹಾಕಿ.